ಇನ್ನೂ ಕಟ್ಟದ ಮನೆಯ ಎರಡು ಚಿತ್ರಗಳು

ಹೊಸ ಮನೆ ಕೊಳ್ಳಲು ಹೊರಟ ಕುಟುಂಬದ ಕೈಗೆ ಮೊದಲು ಸಿಗುವುದು ಮನೆಯಲ್ಲ, ಮನೆಯ ಚಿತ್ರ. ನುಣುಪು ಕಾಗದದ ಬ್ರೋಷರಿನಲ್ಲಿಯೋ ಮೊಬೈಲಿನ ಪರದೆಯ ಮೇಲೆಯೋ ಅದು ಅವರ ಮುಂದೆ ತೆರೆದುಕೊಳ್ಳುತ್ತದೆ. ಮೊದಲ ಪುಟದಲ್ಲಿ ಕಟ್ಟಡದ ಹೊರನೋಟ: ಸಂಜೆಯ ಹೊಂಬಿಸಿಲು, ತಿಳಿನೀಲಿ ಆಕಾಶ, ಸಾಲುಮರಗಳು, ಅಂಗಳದಲ್ಲಿ ಆಡುವ ಮಕ್ಕಳು. ಪುಟ ತಿರುವಿದರೆ ಒಳನೋಟ: ವಿಶಾಲವಾದ ಕೋಣೆ, ಹೊಳೆಯುವ ನೆಲ, ಕಿಟಕಿಯಿಂದ ಹರಿದುಬರುವ ಬೆಳಕು, ಸೋಫಾದ ಪಕ್ಕದಲ್ಲೊಂದು ಹೂದಾನಿ. ನೋಡುವವರಿಗೆ ಇವು ಛಾಯಾಚಿತ್ರಗಳೆಂದೇ ತೋರುತ್ತವೆ. ಆದರೆ ಆ ನಿವೇಶನದಲ್ಲಿ ಇನ್ನೂ ಪಾಯವನ್ನೇ ತೋಡಿರುವುದಿಲ್ಲ. ಚಿತ್ರದಲ್ಲಿರುವ ಗೋಡೆ, ಎಲೆ, ನೆರಳು ಎಲ್ಲವೂ ಗಣಕಯಂತ್ರದೊಳಗೆ ಲೆಕ್ಕಹಾಕಿ ರೂಪಿಸಿದಂಥವು. ವೃತ್ತಿಯಲ್ಲಿರುವವರು ಇದನ್ನು ರೆಂಡರಿಂಗ್ ಎನ್ನುತ್ತಾರೆ. ಜನಸಾಮಾನ್ಯರಲ್ಲಿ ‘ತ್ರೀಡಿ’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಈ ಚಿತ್ರಗಳನ್ನು ನಂಬಿ ಒಂದು ಕುಟುಂಬ ಇಪ್ಪತ್ತು ವರ್ಷಗಳ ಸಾಲಕ್ಕೆ ಸಹಿ ಹಾಕುತ್ತದೆ. ತಾಯಿಯ ಒಡವೆ, ಊರಿನ ತುಂಡು ಜಮೀನು, ಪರದೇಶದಲ್ಲಿ ದುಡಿದು ಕೂಡಿಟ್ಟ ಹಣ ಇವೆಲ್ಲ ಆ ಎರಡು ಪುಟಗಳ ಭರವಸೆಯ ಮೇಲೆ ಕರಗಿಹೋಗುತ್ತವೆ. ಆದುದರಿಂದ ಇದನ್ನು ಕೇವಲ ಕಲೆಯ ಅಥವಾ ತಂತ್ರಜ್ಞಾನದ ವಿಷಯವೆಂದು ಬಿಟ್ಟುಬಿಡಲಾಗದು. ಇದು ನೀತಿಯ ವಿಷಯವೂ ಹೌದು. ಇನ್ನೂ ಇಲ್ಲದಿರುವ ವಸ್ತುವಿನ ಚಿತ್ರ ಸುಳ್ಳು ಹೇಳಬಲ್ಲುದೇ? ಹೇಳಬಲ್ಲುದಾದರೆ, ಹೊರಚಿತ್ರಕ್ಕೂ ಒಳಚಿತ್ರಕ್ಕೂ ಸತ್ಯದ ಹೊಣೆ ಒಂದೇ ತೆರನಾದುದೇ? ಈ ಎರಡು ಪ್ರಶ್ನೆಗಳನ್ನು ನಿಮ್ಮೊಡನೆ ಕೂಡಿ ಆಲೋಚಿಸುವುದು ಈ ಲೇಖನದ ಉದ್ದೇಶ.

ಹೊರಚಿತ್ರದ ಸೂರ್ಯ

ಮೊದಲು ಈ ಎರಡು ಚಿತ್ರಗಳು ಹೇಗೆ ಸಿದ್ಧವಾಗುತ್ತವೆಂಬುದನ್ನು ಅರಿಯೋಣ. ಹೊರಚಿತ್ರದಲ್ಲಿ ಬೆಳಕಿನ ಮೂಲ ಬಹುಮಟ್ಟಿಗೆ ಒಂದೇ, ಅದು ಸೂರ್ಯ. ಅದರ ಜೊತೆಗೆ ಆಕಾಶದಿಂದ ಚೆದುರಿ ಬರುವ ಮೃದುವಾದ ಬೆಳಕು. ಚಿತ್ರಕಾರನು ಸೂರ್ಯನನ್ನು ಎಲ್ಲಿ ನಿಲ್ಲಿಸುತ್ತಾನೋ ಅದಕ್ಕೆ ತಕ್ಕಂತೆ ನೆರಳುಗಳು ಬೀಳುತ್ತವೆ. ನಂತರ ಆತ ನೋಟದ ಸ್ಥಳವನ್ನು ನಿರ್ಧರಿಸುತ್ತಾನೆ: ರಸ್ತೆಯಲ್ಲಿ ನಿಂತ ಮನುಷ್ಯನ ಕಣ್ಣಿನ ಮಟ್ಟದಿಂದಲೋ, ಹಾರುವ ಹಕ್ಕಿಯ ಎತ್ತರದಿಂದಲೋ. ಕೊನೆಗೆ ಸುತ್ತಲಿನ ಜಗತ್ತನ್ನು ತುಂಬುತ್ತಾನೆ: ಮರಗಳು, ಹುಲ್ಲುಹಾಸು, ಕಾರುಗಳು, ನಡೆದಾಡುವ ಜನ. ಈ ಜನರನ್ನು ಅಲ್ಲಿ ನಿಲ್ಲಿಸುವುದು ಅಲಂಕಾರಕ್ಕಾಗಿ ಮಾತ್ರವಲ್ಲ. ಕಟ್ಟಡ ಎಷ್ಟು ಎತ್ತರವೆಂಬುದು ಪಕ್ಕದಲ್ಲಿ ನಿಂತ ಮನುಷ್ಯನಿಂದಲೇ ನಮ್ಮ ಕಣ್ಣಿಗೆ ತಿಳಿಯುತ್ತದೆ.

ಇಲ್ಲಿ ದಾರಿತಪ್ಪುವ ಅವಕಾಶಗಳು ಯಾವುವು? ಒಂದು ಉದಾಹರಣೆಯನ್ನು ನೋಡಿ. ಬೆಂಗಳೂರು ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲುತ್ತಾನೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ನ ಮೂರನೆಯ ವಾರದವರೆಗೆ ಉತ್ತರದ ಗೋಡೆಗೆ ನೇರ ಬಿಸಿಲು ದಿನದ ಯಾವ ಹೊತ್ತಿನಲ್ಲಿಯೂ ಬೀಳುವುದಿಲ್ಲ. ಆದರೂ ಉತ್ತರಕ್ಕೆ ಮುಖಮಾಡಿದ ಕಟ್ಟಡವೊಂದರ ಚಿತ್ರದಲ್ಲಿ ಮುಂಭಾಗವೆಲ್ಲ ಬಂಗಾರದ ಬಿಸಿಲಿನಲ್ಲಿ ಮಿಂದಿರುವಂತೆ ತೋರಿಸುವುದು ಕಷ್ಟವೇನಲ್ಲ. ಗಣಕಯಂತ್ರದಲ್ಲಿ ಸೂರ್ಯನನ್ನು ಒಂದು ಬೆರಳಿನಿಂದ ಸರಿಸಬಹುದು. ಹಾಗೆಯೇ ಇಪ್ಪತ್ತು ವರ್ಷ ಬೆಳೆದ ಮರವನ್ನು ಒಂದು ಕ್ಷಣದಲ್ಲಿ ನೆಡಬಹುದು. ಎದುರಿನ ಟ್ರಾನ್ಸ್‌ಫಾರ್ಮರ್, ವಿದ್ಯುತ್ ತಂತಿಗಳು, ತೆರೆದ ಚರಂಡಿ, ಪಕ್ಕದ ಹಳೆಯ ಹೆಂಚಿನ ಮನೆ ಇವನ್ನೆಲ್ಲ ಅಳಿಸಿ ಅಲ್ಲಿ ಹಸಿರು ಹುಲ್ಲನ್ನು ಹಾಸಬಹುದು.

ಒಳಚಿತ್ರದ ಗೋಡೆ

ಒಳಚಿತ್ರದ ಸ್ವಭಾವವೇ ಬೇರೆ. ಕೋಣೆಯೊಳಗೆ ಸೂರ್ಯ ನೇರವಾಗಿ ಬರುವುದು ಅಲ್ಪ. ಕಿಟಕಿಯಿಂದ ಬಂದ ಬೆಳಕು ನೆಲಕ್ಕೆ ತಾಗಿ ಗೋಡೆಗೆ, ಗೋಡೆಯಿಂದ ಸೂರಿಗೆ, ಸೂರಿನಿಂದ ಮತ್ತೆ ಮೂಲೆಗಳಿಗೆ ಚಿಮ್ಮುತ್ತ ಹರಡುತ್ತದೆ. ಕೆಂಪು ನೆಲದ ಛಾಯೆ ಬಿಳಿ ಗೋಡೆಯ ಮೇಲೂ ಕಾಣುವುದು ಇದರಿಂದಲೇ. ಈ ಚಿಮ್ಮುವಿಕೆಯನ್ನು ಗಣಿತಕ್ಕೆ ಇಳಿಸುವುದು ಸುಲಭವಾಗಿರಲಿಲ್ಲ. 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಗೋಡೆಗಳು ಪರಸ್ಪರ ಬೆಳಕನ್ನು ಹಂಚಿಕೊಳ್ಳುವ ಬಗೆಯನ್ನು ಲೆಕ್ಕಹಾಕುವ ವಿಧಾನವೊಂದನ್ನು ಪ್ರಕಟಿಸಿದರು. 1986ರಲ್ಲಿ ಜೇಮ್ಸ್ ಕಾಜಿಯಾ ಎಂಬ ವಿಜ್ಞಾನಿ ಇಂಥ ಎಲ್ಲ ಲೆಕ್ಕಗಳನ್ನೂ ಒಳಗೊಳ್ಳುವ ಒಂದು ಸಮೀಕರಣವನ್ನು ಮುಂದಿಟ್ಟರು. ಇಂದಿನ ಒಳಚಿತ್ರಗಳು ನಿಜವೆಂಬಂತೆ ತೋರುವುದಕ್ಕೆ ಈ ಗಣಿತವೇ ತಳಹದಿ. ಅಂದಮೇಲೆ ಒಳಚಿತ್ರದ ಬೆಳಕು ಸತ್ಯಕ್ಕೆ ಅತ್ಯಂತ ನಿಕಟವಾಗಿರಲು ಸಾಧ್ಯ. ಆದರೆ ಅದೇ ಚಿತ್ರದ ಅಳತೆ ಸತ್ಯದಿಂದ ದೂರವಿರಲೂ ಸಾಧ್ಯ. ಇದು ನಾವು ಗಮನಿಸಬೇಕಾದ ಅಂಶ.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಮಲಗುವ ಕೋಣೆಯನ್ನು ಕಲ್ಪಿಸಿಕೊಳ್ಳಿ. ನಮ್ಮ ಅನೇಕ ಮನೆಗಳಲ್ಲಿ ಇದು ಸಾಮಾನ್ಯ ಅಳತೆ. ಛಾಯಾಗ್ರಾಹಕರು 50 ಮಿಲಿಮೀಟರ್ ಎಂದು ಕರೆಯುವ ಸಾಧಾರಣ ಮಸೂರ ಅಡ್ಡಲಾಗಿ ಸುಮಾರು 40 ಡಿಗ್ರಿಯಷ್ಟನ್ನು ಮಾತ್ರ ನೋಡುತ್ತದೆ. ಆ ಮಸೂರದಿಂದ ಹತ್ತು ಅಡಿಯ ಗೋಡೆಯನ್ನು ಪೂರ್ತಿಯಾಗಿ ಹಿಡಿಯಬೇಕಾದರೆ ಸುಮಾರು ಹದಿನಾಲ್ಕು ಅಡಿ ಹಿಂದೆ ಸರಿಯಬೇಕು. ಕೋಣೆ ಇರುವುದೇ ಹನ್ನೆರಡು ಅಡಿ! ಆದುದರಿಂದ ಚಿತ್ರಕಾರನ ಮುಂದೆ ಎರಡು ದಾರಿಗಳಿವೆ. ಒಂದೋ ಹಿಂದಿನ ಗೋಡೆಯನ್ನೇ ತೆಗೆದುಹಾಕಿ ಕ್ಯಾಮೆರಾವನ್ನು ಕೋಣೆಯ ಹೊರಗೆ ನಿಲ್ಲಿಸುವುದು; ಇಲ್ಲವೇ 24 ಮಿಲಿಮೀಟರಿನ ಅಗಲ ಮಸೂರವನ್ನು ಬಳಸುವುದು. ಈ ಎರಡನೆಯದು ಸುಮಾರು 74 ಡಿಗ್ರಿಯಷ್ಟನ್ನು ಒಳಗೊಳ್ಳುವುದರಿಂದ ಏಳು ಅಡಿಗೂ ಕಡಿಮೆ ದೂರದಿಂದಲೇ ಗೋಡೆ ಪೂರ್ತಿ ಕಾಣುತ್ತದೆ. ಆದರೆ ಹತ್ತಿರದ ವಸ್ತುಗಳು ಅದರಲ್ಲಿ ಹಿಗ್ಗಿ, ದೂರದವು ಮತ್ತಷ್ಟು ದೂರ ಸರಿದಂತೆ ತೋರಿ, ಕೋಣೆ ಸಭಾಂಗಣದಂತಾಗುತ್ತದೆ. ಅಲ್ಲಿಗೇ ನಿಲ್ಲದೆ ಮಂಚವನ್ನೂ ಬೀರುವನ್ನೂ ಹತ್ತಕ್ಕೆ ಒಂದು ಪಾಲು ಕುಗ್ಗಿಸಿಬಿಟ್ಟರೆ ಯಾರ ಕಣ್ಣಿಗೂ ಅದು ಗೊತ್ತಾಗುವುದಿಲ್ಲ. ಕೋಣೆ ಮಾತ್ರ ಇನ್ನಷ್ಟು ದೊಡ್ಡದಾಗುತ್ತದೆ. ಸ್ವಿಚ್ ಬೋರ್ಡುಗಳಿಲ್ಲ, ಬಟ್ಟೆ ಒಣಹಾಕುವ ಹಗ್ಗವಿಲ್ಲ, ಗ್ಯಾಸ್ ಸಿಲಿಂಡರ್ ಇಡಲು ಜಾಗವಿಲ್ಲ, ಅಜ್ಜಿಯ ಔಷಧಿಗಳಿಗೊಂದು ಗೂಡಿಲ್ಲ. ಯಾರೂ ವಾಸಿಸದ ಮನೆಯನ್ನು ವಾಸದ ಮನೆಯೆಂದು ನಮ್ಮ ಮುಂದೆ ಇಡಲಾಗುತ್ತದೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಗೋಡೆಯನ್ನು ತೆಗೆದು ನೋಡುವುದು ತನ್ನಷ್ಟಕ್ಕೆ ತಪ್ಪಲ್ಲ. ಚಿಕ್ಕ ಕೋಣೆಯನ್ನು ಪೂರ್ತಿ ತೋರಿಸಲು ಅದು ಒಳ್ಳೆಯ ಉಪಾಯವೇ. ಅಗಲ ಮಸೂರವೂ ಪಾಪದ ಉಪಕರಣವಲ್ಲ. ಮಂಚವನ್ನು ಕುಗ್ಗಿಸುವುದಾದರೋ ಬೇರೆ ಮಾತು. ಮೊದಲನೆಯದು ನೋಡುವವನಿಗೆ ಸಹಾಯ ಮಾಡುವ ರೂಢಿ. ಕೊನೆಯದು ಆತನ ಅಳೆಯುವ ಶಕ್ತಿಯನ್ನೇ ಕದಿಯುವ ಕೃತ್ಯ. ಇವೆರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು?

ಹಿರಿಯರು ಕಂಡ ಭೇದ

ಈ ಪ್ರಶ್ನೆ ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಲಿಯೋನ್ ಬತ್ತಿಸ್ತಾ ಆಲ್ಬರ್ಟಿ ಎಂಬ ವಿದ್ವಾಂಸನಿದ್ದನು. ಜಗದ್ಗುರುಗಳ ಕಾರ್ಯಾಲಯದಲ್ಲಿ ಸೇವೆ ಸಲ್ಲಿಸಿದವನು. ಚಿತ್ರಕಲೆಯ ಬಗ್ಗೆಯೂ ಕಟ್ಟಡ ಕಲೆಯ ಬಗ್ಗೆಯೂ ಗ್ರಂಥಗಳನ್ನು ರಚಿಸಿದವನು. ಕಟ್ಟಡ ಕಲೆಯನ್ನು ಕುರಿತ ಆತನ ಗ್ರಂಥ 1485ರಲ್ಲಿ ಅಚ್ಚಾಯಿತು. ಅದರಲ್ಲಿ ಆತ ಚಿತ್ರಕಾರನ ರೇಖೆಗೂ ವಾಸ್ತುಶಿಲ್ಪಿಯ ರೇಖೆಗೂ ಭೇದ ಮಾಡುತ್ತಾನೆ. ಚಿತ್ರಕಾರನು ನೆರಳು ಬೆಳಕುಗಳಿಂದ ವಸ್ತು ಉಬ್ಬಿ ನಿಂತಂತೆ ತೋರಿಸಲು ಶ್ರಮಿಸುತ್ತಾನೆ. ವಾಸ್ತುಶಿಲ್ಪಿಯಾದರೋ ತೋರಿಕೆಯನ್ನು ಬಿಟ್ಟು ನಿಜವಾದ ಅಳತೆಗಳಲ್ಲಿ ತನ್ನ ಆಲೋಚನೆಯನ್ನು ಇಡಬೇಕು ಎಂಬುದು ಆತನ ಅಭಿಪ್ರಾಯ. ಕಟ್ಟಡದ ಮಾದರಿಗಳಿಗೆ ಬಣ್ಣ ಬಳಿದು ಮೆರುಗು ಕೊಡುವವನು ನೋಡುವವರ ಗಮನವನ್ನು ಪರಿಶೀಲನೆಯಿಂದ ಬೆರಗಿನ ಕಡೆಗೆ ಸೆಳೆಯುತ್ತಾನೆಂದೂ ಆತ ಎಚ್ಚರಿಸಿದ್ದಾನೆ. ಐನೂರು ವರ್ಷಗಳ ಹಿಂದಿನ ಈ ಎಚ್ಚರಿಕೆ ಇಂದಿನ ಬ್ರೋಷರಿಗಾಗಿಯೇ ಬರೆದಂತಿದೆ ಅಲ್ಲವೇ?

ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣದ ಹೊಣೆ ಹೊತ್ತಿದ್ದ ರಫಾಯೆಲ್, 1519ರ ಸುಮಾರಿಗೆ, ಕಾಸ್ತಿಲ್ಯೋನೆಯ ನೆರವಿನೊಡನೆ ಜಗದ್ಗುರು ಹತ್ತನೆಯ ಲಿಯೋ ಅವರಿಗೆ ಒಂದು ಪತ್ರ ಬರೆದನು. ಕಟ್ಟಡದ ಚಿತ್ರವನ್ನು ಮೂರು ಭಾಗ ಮಾಡಬೇಕೆಂದು ಅದರಲ್ಲಿ ವಿವರಿಸಲಾಗಿದೆ: ನೆಲದ ನಕ್ಷೆ, ಹೊರಗೋಡೆಯ ಚಿತ್ರ, ಒಳಗೋಡೆಯ ಚಿತ್ರ. ಹೊರಗೋಡೆಯೊಂದೇ ಸಾಲದು, ಕಟ್ಟಡವನ್ನು ನಡುವೆ ಸೀಳಿದಂತೆ ಒಳಗನ್ನೂ ಅಷ್ಟೇ ನಿಖರವಾಗಿ ತೋರಿಸಬೇಕೆಂಬುದು ಅಲ್ಲಿಯ ತಿರುಳು. ಹೊರಗು ಮತ್ತು ಒಳಗು ಒಂದೇ ನಕ್ಷೆಯ ಮೇಲೆ ನಿಂತು ಒಂದನ್ನೊಂದು ಪರೀಕ್ಷಿಸುತ್ತವೆ. ಹೊರಗೆ ಮೂರು ಕಿಟಕಿಗಳಿದ್ದರೆ ಒಳಗೂ ಮೂರೇ ಇರಬೇಕು. ಈಗಿನ ಎರಡು ಚಿತ್ರಗಳಲ್ಲಿ ಹಲವೊಮ್ಮೆ ಕಾಣೆಯಾಗಿರುವುದು ಈ ಪರಸ್ಪರ ಸಾಕ್ಷ್ಯವೇ.

ಇನ್ನೂ ಹಿಂದಕ್ಕೆ ಹೋದರೆ ಪವಿತ್ರ ಗ್ರಂಥದಲ್ಲಿಯೇ ಕಟ್ಟದ ಆಲಯವೊಂದರ ದರ್ಶನವಿದೆ. ಸೆರೆಯಲ್ಲಿದ್ದ ಜನರ ನಡುವೆ ಪ್ರವಾದಿ ಯೆಜೆಕಿಯೇಲನು ಕಂಡ ಆ ಆಲಯವನ್ನು ನಲವತ್ತನೆಯ ಅಧ್ಯಾಯದಿಂದ ಓದಿ ನೋಡಿ. ಅಲ್ಲೊಬ್ಬನು ಅಳತೆಗೋಲನ್ನು ಹಿಡಿದು ನಿಂತಿದ್ದಾನೆ. ಮೊದಲು ಹೊರಗಿನ ಗೋಡೆ, ಬಳಿಕ ಬಾಗಿಲುಗಳು, ಪ್ರಾಕಾರಗಳು, ಕೊನೆಗೆ ಗರ್ಭಗೃಹ, ಹೀಗೆ ಹೊರಗಿನಿಂದ ಒಳಕ್ಕೆ ಒಂದೊಂದನ್ನೂ ಅಳೆಯುತ್ತ ಸಾಗುತ್ತಾನೆ. ಓದುವಾಗ ನಮಗೆ ಬೇಸರ ಬರುವಷ್ಟು ಅಳತೆಗಳಿವೆ. ಆದರೆ ಮನೆಮಠ ಕಳೆದುಕೊಂಡವರಿಗೆ ಆ ಅಳತೆಗಳು ಬೇಸರದ ಮಾತಾಗಿರಲಿಲ್ಲ. ಕನಸನ್ನು ಕೊಡುವವನು ಅದರ ಅಳತೆಯನ್ನೂ ಕೊಟ್ಟರೆ ಮಾತ್ರ ಅದು ಭರವಸೆ. ಅಳತೆಯಿಲ್ಲದ ಕನಸು ಬರಿಯ ಆಮಿಷ.

ಹಾವುಗಳಿರುವ ಮನೆ

ಈಗ ನೀತಿಯ ಪ್ರಶ್ನೆಗೆ ಬರೋಣ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಮನೆ ಮಾರುವವನ ಉದಾಹರಣೆಯೊಂದಿದೆ. ಒಬ್ಬನ ಮನೆಯಲ್ಲಿ ಮರಮುಟ್ಟು ಕೊಳೆತಿದೆ, ವಾಸಕ್ಕೆ ಆರೋಗ್ಯಕರವಲ್ಲ, ಮಲಗುವ ಕೋಣೆಗಳಲ್ಲಿ ಹಾವುಗಳು ಕಾಣಿಸಿಕೊಳ್ಳುತ್ತವೆ. ಇದು ಒಡೆಯನಿಗೆ ಬಿಟ್ಟು ಬೇರಾರಿಗೂ ತಿಳಿಯದು. ಆತ ಏನೂ ಹೇಳದೆ ಮಾರಿದರೆ ಅನ್ಯಾಯವೇ? ಡಯೋಜೆನಿಸ್ ಎಂಬ ತತ್ತ್ವಜ್ಞಾನಿ ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ವಾದಿಸುತ್ತಾನೆ. ಕೊಳ್ಳುವವನು ತನ್ನ ಕಣ್ಣಿನಿಂದ ನೋಡಿಕೊಳ್ಳಲಿ ಎಂಬುದು ಆತನ ನಿಲುವು. ಆತನ ಶಿಷ್ಯ ಆಂಟಿಪೇಟರ್ ಅದನ್ನು ಒಪ್ಪುವುದಿಲ್ಲ. ಕೊಳ್ಳುವವನಿಗೆ ತಿಳಿಯಬೇಕಾದುದನ್ನು ಲಾಭಕ್ಕಾಗಿ ತಿಳಿಯದಂತೆ ಇಡುವುದೇ ಮುಚ್ಚಿಡುವುದು ಎಂದು ಸಿಸೆರೊ ಕೊನೆಗೆ ಆಂಟಿಪೇಟರನ ಪಕ್ಷಕ್ಕೇ ತೀರ್ಪು ಕೊಡುತ್ತಾನೆ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ವಿಚಾರವನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಮಾರುವ ವಸ್ತುವಿನ ದೋಷಗಳಲ್ಲಿ ಎರಡು ಬಗೆಯುಂಟು: ಕಣ್ಣಿಗೆ ಕಾಣುವ ದೋಷ ಮತ್ತು ಅಡಗಿರುವ ದೋಷ. ಕುದುರೆಗೆ ಒಂದೇ ಕಣ್ಣೆಂಬುದು ಎಲ್ಲರಿಗೂ ಕಾಣುತ್ತದೆ. ಬೆಲೆಯನ್ನು ತಕ್ಕಷ್ಟು ತಗ್ಗಿಸಿದ್ದರೆ ಮಾರುವವನು ಅದನ್ನು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಆದರೆ ಹಾನಿ ಅಥವಾ ಅಪಾಯ ತರುವ ದೋಷ ಅಡಗಿದ್ದರೆ ಹೇಳುವುದು ಆತನ ಕರ್ತವ್ಯ. ಬೀಳುವ ಸ್ಥಿತಿಯ ಮನೆಯನ್ನು ಗಟ್ಟಿಮುಟ್ಟಾದ ಮನೆಯೆಂದು ಮಾರುವುದು ಅಲ್ಲಿ ಅವರು ಕೊಡುವ ಉದಾಹರಣೆಗಳಲ್ಲೊಂದು.

ಈ ಭೇದವನ್ನು ನಮ್ಮ ಎರಡು ಚಿತ್ರಗಳಿಗೆ ಅನ್ವಯಿಸಿ ನೋಡಿ. ಹೊರಚಿತ್ರದ ಉತ್ಪ್ರೇಕ್ಷೆಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥವು. ನಿವೇಶನಕ್ಕೆ ಹೋಗಿ ಹತ್ತು ನಿಮಿಷ ನಿಂತರೆ ಸಾಕು. ಚರಂಡಿ ಅಲ್ಲಿದೆ, ಟ್ರಾನ್ಸ್‌ಫಾರ್ಮರ್ ಅಲ್ಲಿದೆ, ದೊಡ್ಡ ಮರ ಅಲ್ಲಿಲ್ಲ. ಆದರೆ ಒಳಚಿತ್ರವನ್ನು ಪರೀಕ್ಷಿಸಲು ಹೋಗುವುದೆಲ್ಲಿಗೆ? ಒಳಗು ಎಂಬುದೇ ಇನ್ನೂ ಇಲ್ಲ. ಬೀಗದ ಕೈ ಕೈಗೆ ಬಂದು, ಸ್ವಂತ ಮಂಚವನ್ನು ತಂದಿಟ್ಟು, ಬೀರುವಿನ ಬಾಗಿಲು ತೆರೆಯುವುದಿಲ್ಲವೆಂದು ಕಂಡ ದಿನವೇ ಸತ್ಯ ತಿಳಿಯುವುದು. ಆ ಹೊತ್ತಿಗೆ ಹಣ ಸಂದಾಯವಾಗಿರುತ್ತದೆ, ಮಕ್ಕಳು ಹೊಸ ಶಾಲೆಗೆ ಸೇರಿರುತ್ತಾರೆ, ಹಿಂದಿರುಗುವ ದಾರಿ ಮುಚ್ಚಿರುತ್ತದೆ. ಪರೀಕ್ಷಿಸಲು ಸಾಧ್ಯವಿಲ್ಲದವನು ನಂಬಲೇಬೇಕಾಗುತ್ತದೆ. ನಂಬಿಕೆ ಹೆಚ್ಚಾದಷ್ಟೂ ನಂಬಿಸಿದವನ ಹೊಣೆ ಹೆಚ್ಚುತ್ತದೆ. ಆದುದರಿಂದ ಒಳಚಿತ್ರದ ಮೇಲೆ ಸತ್ಯದ ಭಾರ ಹೊರಚಿತ್ರಕ್ಕಿಂತ ಹೆಚ್ಚೆಂದೇ ಹೇಳಬೇಕಾಗುತ್ತದೆ.

ಹೊರಚಿತ್ರ ಯಾರಿಗೆ ಸಲ್ಲಬೇಕು?

ಹಾಗಾದರೆ ಹೊರಚಿತ್ರ ನಿರ್ದೋಷಿಯೇ? ಅಲ್ಲ. ಅದರ ಹೊಣೆ ಬೇರೊಬ್ಬರ ಕಡೆಗಿದೆ. ಮನೆಯ ಒಳಗು ಅದರಲ್ಲಿ ವಾಸಿಸುವವರಿಗೆ ಸೇರಿದ್ದು. ಹೊರಗು ಆ ಬೀದಿಗೆಲ್ಲ ಸೇರಿದ್ದು. ಆ ಮನೆಯನ್ನು ಎಂದೂ ಕೊಳ್ಳದ, ಅದರ ಹೊಸ್ತಿಲನ್ನು ಎಂದೂ ದಾಟದ ನೆರೆಯವನು ಪ್ರತಿದಿನ ಅದನ್ನು ನೋಡಬೇಕು. ಅದರ ನೆರಳು ಅವನ ಅಂಗಳದಲ್ಲಿ ಬೀಳುತ್ತದೆ, ಅದರ ಮಳೆನೀರು ಅವನ ಕಡೆಗೆ ಹರಿಯುತ್ತದೆ. ಚಿತ್ರದಲ್ಲಿ ಆ ನೆರೆಯವನ ಹೆಂಚಿನ ಮನೆಯನ್ನು ಅಳಿಸಿ ಹುಲ್ಲು ಹಾಸಿದಾಗ ಕೊಳ್ಳುವವನಿಗೆ ಆಗುವ ಮೋಸ ಅಲ್ಪವಿರಬಹುದು, ಏಕೆಂದರೆ ಆತ ಸ್ಥಳಕ್ಕೆ ಹೋಗಿ ನೋಡಬಲ್ಲ. ಆದರೆ ಅಳಿಸಲ್ಪಟ್ಟವನಿಗೆ ಆಗುವ ಅನ್ಯಾಯ ಅಲ್ಪವಲ್ಲ. ಆತ ಅಲ್ಲಿಲ್ಲವೆಂದು ಚಿತ್ರ ಸಾರುತ್ತದೆ. ಎತ್ತರದ ಕಟ್ಟಡ ಆತನ ಬೆಳಕನ್ನು ತಡೆಯುವುದೇ ಎಂಬ ಪ್ರಶ್ನೆ ಏಳುವ ಮುಂಚೆಯೇ ಆತನನ್ನು ಕಾಗದದ ಮೇಲಿನಿಂದ ತೆರವುಗೊಳಿಸಲಾಗಿದೆ. ಬಡವರ ಗುಡಿಸಲುಗಳು ನೆಲದಿಂದ ಮಾಯವಾಗುವ ಮೊದಲು ಹೀಗೆ ಚಿತ್ರದಿಂದ ಮಾಯವಾಗಬಹುದೆಂಬುದನ್ನು ನಾವು ಮರೆಯಬಾರದು.

ಹೀಗೆ ಹೊರಚಿತ್ರದ ಸತ್ಯ ನೆರೆಯವನಿಗೆ ಸಲ್ಲಬೇಕಾದ ನ್ಯಾಯ. ಒಳಚಿತ್ರದ ಸತ್ಯ ವಾಸಿಸುವವನಿಗೆ ಸಲ್ಲಬೇಕಾದ ನ್ಯಾಯ. ಒಂದನ್ನು ಸಲ್ಲಿಸಿ ಇನ್ನೊಂದನ್ನು ಬಿಟ್ಟರೆ ಕಟ್ಟುವ ಕೆಲಸ ಅರ್ಧ ಮಾತ್ರ ಪ್ರಾಮಾಣಿಕವಾಗುತ್ತದೆ.

ಕಲ್ಪನೆ ಪಾಪವಲ್ಲ

ಇಷ್ಟೆಲ್ಲ ಹೇಳಿದ ಮೇಲೆ, ಕಲ್ಪಿತ ಚಿತ್ರಗಳನ್ನೇ ಬಿಟ್ಟುಬಿಡಬೇಕೇ ಎಂದು ನೀವು ಕೇಳಬಹುದು. ಹಾಗಲ್ಲ. ಸುಳ್ಳಿನ ತಿರುಳು ಮೋಸಗೊಳಿಸುವ ಇಚ್ಛೆಯಲ್ಲಿದೆ, ಮನಸ್ಸಿನಲ್ಲೊಂದು ಇಟ್ಟುಕೊಂಡು ಹೊರಗೆ ಇನ್ನೊಂದನ್ನು ತೋರುವುದರಲ್ಲಿದೆ ಎಂದು ಸಂತ ಅಗಸ್ಟೀನರು ಬೋಧಿಸಿದರು. ಕಲ್ಪಿಸಿ ಹೇಳಿದ್ದೆಲ್ಲ ಸುಳ್ಳಲ್ಲವೆಂದೂ ಅವರೇ ಬರೆದಿದ್ದಾರೆ. ಹಾಗಿಲ್ಲದಿದ್ದರೆ ಪ್ರಭು ಯೇಸು ಹೇಳಿದ ಸಾಮತಿಗಳನ್ನು ನಾವು ಏನೆಂದು ಕರೆಯಬೇಕಾಗುತ್ತಿತ್ತು?

ರೋಮ್ ನಗರದ ಸಂತ ಇಗ್ನಾಸಿಯವರ ದೇವಾಲಯಕ್ಕೆ ಗುಮ್ಮಟವಿಲ್ಲ. ಕಟ್ಟಬೇಕೆಂದಿದ್ದ ಗುಮ್ಮಟವನ್ನು ಕಟ್ಟಲಾಗಲಿಲ್ಲ. 1685ರಲ್ಲಿ ಯೇಸುಸಭೆಯ ಸಹೋದರ ಆಂದ್ರೇಯಾ ಪೊಟ್ಸೊ ಅವರು ಸಮತಟ್ಟಾದ ಕ್ಯಾನ್ವಾಸಿನ ಮೇಲೆ ಗುಮ್ಮಟದ ಒಳಗನ್ನು ಚಿತ್ರಿಸಿ ಅಲ್ಲಿ ಏರಿಸಿದರು. ಕೆಳಗೆ ನಿಂತು ತಲೆಯೆತ್ತಿದರೆ ನಿಜವಾದ ಗುಮ್ಮಟವೇ ಮೇಲಕ್ಕೆ ಏರಿದಂತೆ ಕಾಣುತ್ತದೆ. ಇದು ಭ್ರಮೆಯೇ ಸರಿ. ಆದರೆ ಎಲ್ಲಿ ನಿಂತು ನೋಡಬೇಕೆಂಬುದಕ್ಕೆ ನೆಲದ ಮೇಲೆಯೇ ಗುರುತಿದೆ. ಆ ಗುರುತಿನಿಂದ ನಾಲ್ಕು ಹೆಜ್ಜೆ ಸರಿದರೆ ಗುಮ್ಮಟ ವಾಲುತ್ತದೆ, ಚಿತ್ರ ಚಿತ್ರವಾಗಿ ಕಾಣುತ್ತದೆ. ಪೊಟ್ಸೊ ಯಾರ ಕಾಲನ್ನೂ ಕಟ್ಟಿಹಾಕಲಿಲ್ಲ. ತಮ್ಮ ವಿಧಾನವನ್ನು ಎಲ್ಲರೂ ಕಲಿಯಲೆಂದು ಗ್ರಂಥವಾಗಿಯೂ ಪ್ರಕಟಿಸಿದರು. ಅದರ ಮೊದಲ ಭಾಗ 1693ರಲ್ಲಿ ಹೊರಬಂದಿತು.

ನಮ್ಮ ನಾಡಿನಲ್ಲಿಯೂ ಈ ಪರಂಪರೆಯ ಕುರುಹು ಇದೆ. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯ 1880ರ ದಶಕದಲ್ಲಿ ಕಟ್ಟಿದ್ದು. ಅದರ ಒಳಗೋಡೆಗಳನ್ನೂ ಚಾವಣಿಯನ್ನೂ ಇಟಲಿಯಿಂದ ಬಂದ ಯೇಸುಸಭೆಯ ಇನ್ನೊಬ್ಬ ಸಹೋದರ ಆಂಟೋನಿಯೊ ಮೊಸ್ಕೇನಿ ಅವರು 1899ರಿಂದ ಆರಂಭಿಸಿ ಚಿತ್ರಗಳಿಂದ ತುಂಬಿದರು. ಹೊರಗಿನಿಂದ ನೋಡುವವನಿಗೆ ಒಳಗೆ ಇಷ್ಟೊಂದು ಬಣ್ಣವಿದೆಯೆಂದು ಊಹಿಸಲಾಗದು. ಹೊರಗಿಗಿಂತ ಒಳಗು ಹೆಚ್ಚನ್ನು ಕೊಡುವ ಕಟ್ಟಡ ಅದು. ಈಗಿನ ಮಾರಾಟದ ಚಿತ್ರಗಳ ಆಸೆ ಇದಕ್ಕೆ ತಿರುಗುಮುರುಗು: ಕೊಡಲಿರುವುದಕ್ಕಿಂತ ಹೆಚ್ಚನ್ನು ಮೊದಲೇ ತೋರಿಸಿಬಿಡುವುದು.

ಆದುದರಿಂದ ಗೆರೆಯನ್ನು ಹೀಗೆ ಎಳೆಯಬಹುದೆಂದು ನನಗೆ ತೋರುತ್ತದೆ. ನೋಡುವವನಿಗೆ ಪಕ್ಕಕ್ಕೆ ಸರಿದು ಪರೀಕ್ಷಿಸುವ ಸ್ವಾತಂತ್ರ್ಯವನ್ನು ಕೊಡುವ ಚಿತ್ರ ಕಲ್ಪನೆ. ಆ ಸ್ವಾತಂತ್ರ್ಯವನ್ನು ಕಸಿಯುವ ಚಿತ್ರ ವಂಚನೆ. ಗೋಡೆ ತೆಗೆದು ತೋರಿಸಿ, ಜೊತೆಗೆ ಕೋಣೆಯ ಅಳತೆಯನ್ನೂ ಬರೆದರೆ ಅದು ಪ್ರಾಮಾಣಿಕ ಕೆಲಸ. ಅಳತೆಯನ್ನು ಮರೆಮಾಡಿ ಮಂಚವನ್ನು ಕುಗ್ಗಿಸಿದರೆ ಅದು ಎಷ್ಟು ಸುಂದರವಾಗಿದ್ದರೂ ಸುಳ್ಳುಸಾಕ್ಷಿ.

ಕಾನೂನು ಮತ್ತು ಅಂತಃಕರಣ

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ರೇರಾ ಎಂದು ಜನ ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯಿದೆಯ 12ನೆಯ ಪ್ರಕರಣದ ಪ್ರಕಾರ, ಜಾಹೀರಾತಿನಲ್ಲಿರುವ ಮಾಹಿತಿಯನ್ನೋ ಮಾದರಿ ಮನೆಯನ್ನೋ ನಂಬಿ ಮುಂಗಡ ಕೊಟ್ಟವನಿಗೆ ಅದರಲ್ಲಿನ ತಪ್ಪು ಅಥವಾ ಸುಳ್ಳು ಹೇಳಿಕೆಯಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಆತ ಯೋಜನೆಯಿಂದ ಹಿಂದೆ ಸರಿಯಲು ಬಯಸಿದರೆ ಪೂರ್ತಿ ಹಣವನ್ನು ಬಡ್ಡಿಯೊಡನೆ ಹಿಂದಿರುಗಿಸಬೇಕು. ನೋಂದಣಿಯಾದ ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ಜಾಲತಾಣದ ವಿಳಾಸವೂ ಇರಲೇಬೇಕು. ಕಾರ್ಪೆಟ್ ಏರಿಯಾ ಎಂದರೇನೆಂಬುದಕ್ಕೂ ಆ ಕಾಯಿದೆ ಸ್ಪಷ್ಟ ಅರ್ಥ ಕೊಟ್ಟಿದೆ: ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳನ್ನು ಬಿಟ್ಟು, ಒಳಗೆ ನಿಜವಾಗಿ ಬಳಕೆಗೆ ಸಿಗುವ ನೆಲ, ಒಳಗಿನ ವಿಭಜಕ ಗೋಡೆಗಳು ಮಾತ್ರ ಅದರಲ್ಲಿ ಸೇರುತ್ತವೆ. ಹೊರಗಿನ ಹೊಳಪಿಗೆ ಮರುಳಾಗದೆ ಒಳಗನ್ನು ಅಳೆಯಿರಿ ಎಂದು ಕಾನೂನೂ ನಮಗೆ ಹೇಳುತ್ತಿದೆ.

ಆದರೆ ಕಾನೂನಿಗೆ ಮಿತಿಯಿದೆ. ಅಗಲ ಮಸೂರವನ್ನು ಅದು ನಿಷೇಧಿಸಲಾರದು. ಬಿಸಿಲಿನ ದಿಕ್ಕನ್ನು ಸರಿಸಿದವನನ್ನು ಕಟಕಟೆಗೆ ಎಳೆಯುವುದು ಸುಲಭವಲ್ಲ. ‘ಇದು ಕಲಾವಿದನ ಕಲ್ಪನೆ’ ಎಂದು ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದುಬಿಟ್ಟರೆ ತನ್ನ ಹೊಣೆ ತೀರಿತೆಂದು ಭಾವಿಸುವವರಿದ್ದಾರೆ. ಕಾನೂನು ನಿಂತಲ್ಲಿಂದ ಅಂತಃಕರಣ ಮುಂದೆ ನಡೆಯಬೇಕು.

ಈ ಮಾತನ್ನು ವಿಶೇಷವಾಗಿ ಈ ವೃತ್ತಿಯಲ್ಲಿರುವ ನಮ್ಮ ಯುವಕ ಯುವತಿಯರಿಗೆ ಹೇಳಬಯಸುತ್ತೇನೆ. ರಾತ್ರಿಯೆಲ್ಲ ಗಣಕಯಂತ್ರದ ಮುಂದೆ ಕುಳಿತು ಇತರರ ಮನೆಗಳನ್ನು ಚಿತ್ರಿಸುವವರು ನೀವು. ನಿಮ್ಮ ಹೆಸರು ಚಿತ್ರದ ಕೆಳಗೆ ಬರುವುದಿಲ್ಲ. ‘ಕೋಣೆ ಸ್ವಲ್ಪ ದೊಡ್ಡದಾಗಿ ಕಾಣಲಿ’ ಎಂದು ಮೇಲಿನವರು ಹೇಳುವಾಗ ಕೆಲಸ ಕಳೆದುಕೊಳ್ಳುವ ಭಯ ಸಹಜ. ಆದರೂ ನಿಮ್ಮ ಕೈಯಲ್ಲಿ ಕೆಲವು ಸಂಗತಿಗಳಿವೆ. ಪೀಠೋಪಕರಣಗಳನ್ನು ನಿಜವಾದ ಅಳತೆಯಲ್ಲಿಯೇ ಇಡಬಹುದು. ಸೂರ್ಯನನ್ನು ಸರಿಯಾದ ದಿಕ್ಕಿನಲ್ಲಿಯೇ ನಿಲ್ಲಿಸಬಹುದು. ಪಕ್ಕದ ಮನೆಯನ್ನು ಅಳಿಸದೆ, ಮಸುಕಾಗಿಯಾದರೂ ಉಳಿಸಬಹುದು. ಅಳತೆಗಳನ್ನು ಚಿತ್ರದ ಅಂಚಿನಲ್ಲಿ ಬರೆಯೋಣವೇ ಎಂದು ವಿನಯದಿಂದ ಕೇಳಬಹುದು. ನೀವು ಎಂದೂ ಕಾಣದ ಒಂದು ಕುಟುಂಬ ಆ ಕೋಣೆಯಲ್ಲಿ ಮಲಗಲಿದೆ ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು.

ನಾವು ಕೇಳಬೇಕಾದ ಪ್ರಶ್ನೆಗಳು

ಕೊಳ್ಳುವ ಕುಟುಂಬಗಳಿಗೂ ಒಂದು ಕರ್ತವ್ಯವಿದೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಲೆಕ್ಕಹಾಕಬೇಕೆಂಬ ಪ್ರಭು ಯೇಸುವಿನ ಸಾಮತಿ ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಲೆಕ್ಕವೆಂದರೆ ಹಣದ ಲೆಕ್ಕ ಮಾತ್ರವಲ್ಲ. ಚಿತ್ರವನ್ನು ಪಕ್ಕಕ್ಕಿಟ್ಟು ನೆಲದ ನಕ್ಷೆಯನ್ನು ಕೇಳಿ ಪಡೆಯಿರಿ. ಉತ್ತರ ದಿಕ್ಕು ಯಾವ ಕಡೆಗಿದೆ ಎಂದು ಕೇಳಿ. ಈಗಿರುವ ಮನೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ ಗೆರೆ ಎಳೆದು, ಮಂಚವನ್ನೂ ಬೀರುವನ್ನೂ ಅಳೆದು ಗುರುತಿಸಿ, ಅದರೊಳಗೆ ಎಲ್ಲರೂ ಒಮ್ಮೆ ನಡೆದಾಡಿ. ಸೀಮೆಸುಣ್ಣದ ಆ ಗೆರೆ ಯಾವ ರೆಂಡರಿಂಗಿಗಿಂತಲೂ ಸತ್ಯವಂತವಾಗಿರುತ್ತದೆ.

ಧರ್ಮಕೇಂದ್ರಗಳಿಗೂ ಇದು ಅನ್ವಯಿಸುತ್ತದೆ. ಹೊಸ ದೇವಾಲಯ ಕಟ್ಟುವಾಗ ಕಾಣಿಕೆ ಬೇಡುವ ಕರಪತ್ರದ ಮೇಲೆ ಗೋಪುರದ ಭವ್ಯ ಹೊರಚಿತ್ರವನ್ನು ಅಚ್ಚುಹಾಕುವುದು ರೂಢಿ. ಅದನ್ನು ನೋಡಿ ವಿಧವೆಯೊಬ್ಬಳು ತನ್ನ ಎರಡು ಕಾಸುಗಳನ್ನು ಹಾಕುತ್ತಾಳೆ. ಆಕೆಗೆ ಒಳಗನ್ನೂ ತೋರಿಸುವುದು ನ್ಯಾಯ: ಕೊನೆಯ ಸಾಲಿನಲ್ಲಿ ಕುಳಿತವರಿಗೆ ಬಲಿಪೀಠ ಕಾಣುವುದೇ, ವಾಚನ ಕೇಳಿಸುವುದೇ, ಗಾಲಿಕುರ್ಚಿಯಲ್ಲಿ ಬರುವವರಿಗೆ ಇಳ್ಳಿಜಾರು ಇದೆಯೇ, ಮೇ ತಿಂಗಳ ಸೆಕೆಯಲ್ಲಿ ಗಾಳಿ ಹೇಗೆ ಆಡುತ್ತದೆ? ಪಾಲನಾ ಸಮಿತಿಯ ಸದಸ್ಯರು ಹೊರಚಿತ್ರಕ್ಕೆ ಒಪ್ಪಿಗೆ ಕೊಡುವ ಮುನ್ನ ಕಟ್ಟಡವನ್ನು ಸೀಳಿ ತೋರಿಸುವ ಚಿತ್ರವನ್ನೂ ಒಟ್ಟು ವೆಚ್ಚದ ಅಂದಾಜನ್ನೂ ಸಭೆಯ ಮುಂದೆ ಇರಿಸಿದರೆ ಕಾಣಿಕೆ ಕಡಿಮೆಯಾಗದು, ವಿಶ್ವಾಸ ಹೆಚ್ಚುತ್ತದೆ.

ಪ್ರಿಯ ಓದುಗರೇ, ಬಟ್ಟಲಿನ ಹೊರಗನ್ನು ತೊಳೆದು ಒಳಗನ್ನು ಮರೆಯುವವರ ಬಗ್ಗೆ ನಮ್ಮ ಪ್ರಭು ಕಠಿಣವಾಗಿ ಮಾತನಾಡಿದರು. ಆ ಮಾತನ್ನು ನಾವು ಸಾಮಾನ್ಯವಾಗಿ ಹೃದಯಕ್ಕೆ ಅನ್ವಯಿಸಿಕೊಳ್ಳುತ್ತೇವೆ, ಅದು ಸರಿಯೇ. ಆದರೆ ಇಂದು ಅದು ಗೋಡೆಗಳಿಗೂ ಕೋಣೆಗಳಿಗೂ ಅವುಗಳ ಚಿತ್ರಗಳಿಗೂ ಅಕ್ಷರಶಃ ಅನ್ವಯಿಸುತ್ತದೆ. ಮುಂದಿನ ಬಾರಿ ಇನ್ನೂ ಕಟ್ಟದ ಮನೆಯೊಂದರ ಚಿತ್ರ ನಿಮ್ಮ ಕೈಗೆ ಬಂದಾಗ ಅದರ ಸೊಗಸನ್ನು ಮೆಚ್ಚಿಕೊಳ್ಳಿ. ಅನಂತರ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಿ: ಹೊರಗೆ ಯಾರನ್ನು ಅಳಿಸಲಾಗಿದೆ? ಒಳಗೆ ಏನನ್ನು ಹಿಗ್ಗಿಸಲಾಗಿದೆ?